ಡಿಸ್ಕೌಂಟ್ ಆಮೇಲೆ, ಮೊದಲು ಮಾರೋನು ಯಾರು ನೋಡಿ: ಆನ್‌ಲೈನ್‌ನಲ್ಲಿ ಎಲೆಕ್ಟ್ರಾನಿಕ್ಸ್ ಕೊಳ್ಳುವವರಿಗೊಂದು ಕೈಪಿಡಿ

2024ರ ಆಗಸ್ಟ್‌ನಲ್ಲಿ ನಮ್ಮ ತುಂಗಭದ್ರಾ ಡ್ಯಾಂನ 19ನೇ ಗೇಟ್ ಚೈನ್ ಕಡಿದು ಕೊಚ್ಚಿಹೋಯಿತಲ್ಲ, ಅದೇ ವರ್ಷ ಚಿಕ್ಕಮ್ಮನ ಮಗಳಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿತು. ದಸರಾ ಸೇಲ್‌ನಲ್ಲಿ ಲ್ಯಾಪ್‌ಟಾಪ್ ತಗೊಳ್ಳೋದು ಅಂತ ಮನೆಯಲ್ಲಿ ತೀರ್ಮಾನವಾಯಿತು. ಆರಿಸುವ ಕೆಲಸ ನನ್ನ ತಲೆಗೆ ಬಂತು. ಇಂಜಿನಿಯರಿಂಗ್ ಓದಿ, ನಾಲ್ಕು ವರ್ಷ ಕೋಡ್ ಬರೆದು, ಆಮೇಲೆ ಪತ್ರಿಕೋದ್ಯಮಕ್ಕೆ ಬಂದವನು ನಾನು. ನನಗಿಂತ ಚೆನ್ನಾಗಿ ಯಾರು ಆರಿಸ್ತಾರೆ ಅನ್ನೋ ಜಂಬವೂ ಇತ್ತು. ಬೆಲೆ 41,990 ರೂಪಾಯಿ. ಚಿಕ್ಕಪ್ಪ ಸಂಡೂರು ಕಡೆ ಅದಿರಿನ ಟಿಪ್ಪರ್ ಓಡಿಸುತ್ತಾರೆ. ಅವರು ಚೀಟಿ ಎತ್ತಿ ಕೊಟ್ಟ ದುಡ್ಡು ಅದು.

ಟಿ.ಬಿ. ಡ್ಯಾಂ ಮನೆಗೆ ಬಾಕ್ಸ್ ಬಂತು. ಸೀಲ್ ಇತ್ತು, ಪ್ಲಾಸ್ಟಿಕ್ ಹೊದಿಕೆ ಇತ್ತು, ಹೊಸದರ ವಾಸನೆಯೂ ಇತ್ತು. ಮೂರನೇ ವಾರಕ್ಕೆ ಬ್ಯಾಟರಿ ಒಂದೂವರೆ ಗಂಟೆಗೆ ಕೈಕೊಡಲು ಶುರುವಾಯಿತು. ಆಗ ತಯಾರಕ ಕಂಪನಿಯ ಜಾಲತಾಣದಲ್ಲಿ ಸೀರಿಯಲ್ ನಂಬರ್ ಹಾಕಿ ನೋಡಿದೆ. ವಾರಂಟಿ ಎಂಟು ತಿಂಗಳ ಹಿಂದೆಯೇ ಶುರುವಾಗಿತ್ತು! ಅಂದರೆ ಯಾರೋ ಒಮ್ಮೆ ತಗೊಂಡು, ಬಳಸಿ, ಹಿಂದಿರುಗಿಸಿದ ಮಾಲನ್ನು ಹೊಸದು ಅಂತ ನಮಗೆ ದಾಟಿಸಿದ್ದರು. ವಾಪಸ್ ಮಾಡುವ ಏಳು ದಿನದ ಗಡುವು ಮುಗಿದಿತ್ತು. ಪ್ಲಾಟ್‌ಫಾರ್ಮ್‌ನವರು "ನಾವು ಬರೀ ಮಧ್ಯವರ್ತಿ, ಮಾರಾಟಗಾರರನ್ನು ಕೇಳಿ" ಅಂದರು. ಮಾರಾಟಗಾರ ಫೋನ್ ಎತ್ತಲಿಲ್ಲ.

ನಾನು ಪ್ರೊಸೆಸರ್ ನೋಡಿದ್ದೆ, ರ‍್ಯಾಮ್ ನೋಡಿದ್ದೆ, ಹತ್ತು ವಿಮರ್ಶೆ ಓದಿದ್ದೆ. ಮಾರುವವನ ಹೆಸರು ಮಾತ್ರ ನೋಡಿರಲಿಲ್ಲ. ಕಂಪನಿಯ ಹೆಸರು ಇಲ್ಲಿ ಬೇಡ. ಯಾವ ಆ್ಯಪ್‌ನಲ್ಲಾದರೂ ಇದು ಆಗಬಹುದು, ಯಾಕೆಂದರೆ ಈ ವ್ಯಾಪಾರದ ರಚನೆಯೇ ಹಾಗಿದೆ.

ಅಂಗಡಿ ಅವರದ್ದಲ್ಲ, ಸಂತೆ ಮಾತ್ರ ಅವರದ್ದು

ಫ್ಲಿಪ್‌ಕಾರ್ಟ್ 2007ರಲ್ಲಿ ಬೆಂಗಳೂರಲ್ಲಿ ಪುಸ್ತಕ ಮಾರುತ್ತಾ ಶುರುವಾಗಿದ್ದು. 2018ರಲ್ಲಿ ಅದರ ಬಹುಪಾಲು ವಾಲ್‌ಮಾರ್ಟ್ ಕೈಗೆ ಹೋಯಿತು. ಅಮೆಜಾನ್ ಮೊದಲಿಂದಲೂ ವಿದೇಶಿ ಕಂಪನಿಯೇ. ನಮ್ಮ ವಿದೇಶಿ ಹೂಡಿಕೆ ನೀತಿಯ ಪ್ರಕಾರ ಇಂಥ ಕಂಪನಿಗಳು ಇಲ್ಲಿ ಸ್ವಂತ ಸರಕು ಇಟ್ಟುಕೊಂಡು ನೇರವಾಗಿ ಗ್ರಾಹಕರಿಗೆ ಮಾರುವಂತಿಲ್ಲ. 2019ರ ಫೆಬ್ರವರಿ 1ರಿಂದ ಈ ನಿಯಮ ಇನ್ನೂ ಬಿಗಿಯಾಯಿತು. ಸಣ್ಣ ವ್ಯಾಪಾರಿಗಳ ರಕ್ಷಣೆಗೆ ಅಂತ ಮಾಡಿದ ನೀತಿ ಇದು. ಗ್ರಾಹಕನ ಮಟ್ಟಿಗೆ ಇದರ ಫಲ ಏನೆಂದರೆ, ನೀವು ದುಡ್ಡು ಕೊಡೋದು ಒಬ್ಬರಿಗೆ, ನಿಮಗೆ ಮಾಲು ಮಾರೋದು ಇನ್ನೊಬ್ಬರು. ಆ ಇನ್ನೊಬ್ಬರ ಹೆಸರು ಬೆಲೆಯ ಕೆಳಗೆಲ್ಲೋ ಸಣ್ಣ ಅಕ್ಷರದಲ್ಲಿ ಇರುತ್ತದೆ.

ಹಾಗಾಗಿ ಮೊದಲ ಕೆಲಸ ಆ ಹೆಸರನ್ನು ಒತ್ತಿ ನೋಡೋದು. ವಸ್ತುವಿಗೆ ಬಂದ ನಕ್ಷತ್ರಗಳು ಬೇರೆ, ಮಾರಾಟಗಾರನಿಗೆ ಬಂದ ನಕ್ಷತ್ರಗಳು ಬೇರೆ. ವಸ್ತುವಿಗೆ 4.3 ಇದ್ದು ಮಾರುವವನಿಗೆ 3.1 ಇದ್ದರೆ ನಿಮಗೆ ಬೇಕಾದ್ದು ಎರಡನೇ ಅಂಕಿ. ಅವನ ಬಗ್ಗೆ ಬರೆದ ಕೆಟ್ಟ ವಿಮರ್ಶೆಗಳನ್ನು ಮಾತ್ರ ಓದಿ. "ತಡವಾಗಿ ಬಂತು" ಅನ್ನೋದು ಪರವಾಗಿಲ್ಲ. "ಬಳಸಿದ್ದು ಕಳಿಸಿದ್ದಾರೆ", "ಬಿಲ್ ಬೇರೆ ಹೆಸರಲ್ಲಿದೆ" ಅಂತ ಎರಡು ಮೂರು ಕಂಡರೂ ಆ ಡೀಲ್ ಬಿಟ್ಟುಬಿಡಿ. ಹಲವು ಬ್ರಾಂಡ್‌ಗಳು ತಮ್ಮ ಅಧಿಕೃತ ಆನ್‌ಲೈನ್ ಮಾರಾಟಗಾರರ ಪಟ್ಟಿಯನ್ನು ಜಾಲತಾಣದಲ್ಲಿ ಹಾಕಿರುತ್ತವೆ. ಐದು ನಿಮಿಷದ ಕೆಲಸ.

ಇನ್ನು ನಾನು ಎಡವಿದ ಜಾಗ. ಲ್ಯಾಪ್‌ಟಾಪ್ ಆರಿಸುವಾಗ ಆ್ಯಪ್‌ನಲ್ಲಿ ನನ್ನ ಬೆಂಗಳೂರಿನ ಪಿನ್‌ಕೋಡ್ ಇತ್ತು. ಕೊನೆಯಲ್ಲಿ ವಿಳಾಸ ಬದಲಿಸಿ ಟಿ.ಬಿ. ಡ್ಯಾಂನ 583225 ಹಾಕಿದೆ. ಬೆಲೆ ಅಷ್ಟೇ ಇತ್ತು, ಆದರೆ ಮಾರಾಟಗಾರ ಬದಲಾಗಿದ್ದ. ಬೆಂಗಳೂರಿಗೆ ಕಳಿಸುವ ದೊಡ್ಡ ಮಾರಾಟಗಾರ ನಮ್ಮೂರಿಗೆ ಕಳಿಸುತ್ತಿರಲಿಲ್ಲವೇನೋ, ವ್ಯವಸ್ಥೆ ತಾನೇ ಇನ್ನೊಬ್ಬನನ್ನು ಹುಡುಕಿಕೊಂಡಿತು. ಪರದೆಯ ಮೇಲೆ ಯಾವ ಎಚ್ಚರಿಕೆಯೂ ಬರಲಿಲ್ಲ. ಬಣ್ಣ ಬದಲಿಸಿದರೂ ಮಾರಾಟಗಾರ ಬದಲಾಗಬಹುದು. ಆದ್ದರಿಂದ ಹೊಸಪೇಟೆಯಲ್ಲಿರಿ, ಕಂಪ್ಲಿಯಲ್ಲಿರಿ, ಹುಡುಕಾಟ ಶುರು ಮಾಡುವ ಮೊದಲೇ ವಸ್ತು ತಲುಪಬೇಕಾದ ಪಿನ್‌ಕೋಡ್ ಹಾಕಿ. ದುಡ್ಡು ಕಟ್ಟುವ ಕೊನೆಯ ಪುಟದಲ್ಲಿ ಹೆಸರನ್ನು ಮತ್ತೊಮ್ಮೆ ನೋಡಿ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ವಾರಂಟಿ ವಿಚಾರವೂ ಊರಿಗೆ ಅಂಟಿಕೊಂಡಿದೆ. "ಒಂದು ವರ್ಷ ವಾರಂಟಿ" ಅಂದರೆ ಸಾಲದು. ಬ್ರಾಂಡ್ ವಾರಂಟಿಯೋ, ಮಾರಾಟಗಾರನ ವಾರಂಟಿಯೋ? ಎರಡನೆಯದಾದರೆ ಆ ಮಾರಾಟಗಾರ ಮುಂದಿನ ವರ್ಷ ಇರುತ್ತಾನಾ ಅಂತ ನೀವೇ ಯೋಚಿಸಿ. ಬ್ರಾಂಡ್ ವಾರಂಟಿಯಾದರೆ, ರಿಪೇರಿಗೆ ಅವರು ಮನೆಗೆ ಬರ್ತಾರಾ, ನಾವು ಹೊತ್ತುಕೊಂಡು ಹೋಗಬೇಕಾ? ಹೋಗಬೇಕೆಂದರೆ ಹತ್ತಿರದ ಸರ್ವೀಸ್ ಸೆಂಟರ್ ಎಲ್ಲಿದೆ? ಬಳ್ಳಾರಿಯಲ್ಲಿದ್ದರೆ ಸರಿ. ಹುಬ್ಬಳ್ಳಿಯಾದರೆ ಹೊಸಪೇಟೆಯಿಂದ ಸುಮಾರು 150 ಕಿ.ಮೀ. ಕೊಟ್ಟು ಬರಲು ಒಂದು ದಿನ, ತರಲು ಇನ್ನೊಂದು ದಿನ. ಶಕ್ತಿ ಯೋಜನೆಯಿಂದ ಚಿಕ್ಕಮ್ಮನಿಗೆ ಬಸ್ ಚಾರ್ಜ್ ಉಳಿಯುತ್ತದೆ, ಎರಡು ದಿನದ ಕೂಲಿ ಉಳಿಯಲ್ಲ. ಆನ್‌ಲೈನ್‌ನಲ್ಲಿ ಎರಡು ಸಾವಿರ ಕಡಿಮೆ ಅಂತ ಕಂಡಾಗ ಈ ಲೆಕ್ಕ ಯಾರೂ ಹಾಕಲ್ಲ. ನಾನೂ ಹಾಕಿರಲಿಲ್ಲ.

60% ಆಫ್: ಯಾವುದರ ಮೇಲೆ?

ಗೀಟು ಹೊಡೆದ ಎಂಆರ್‌ಪಿಯನ್ನು ಮರೆತುಬಿಡಿ. ಎಂಆರ್‌ಪಿ ಅಂದರೆ ಅದಕ್ಕಿಂತ ಹೆಚ್ಚಿಗೆ ಮಾರಬಾರದು ಅನ್ನೋ ಮಿತಿ, ಅಷ್ಟೇ. ಅದನ್ನು ಬರೆಯೋದು ತಯಾರಕ ಅಥವಾ ಆಮದುದಾರ. 1,800 ರೂಪಾಯಿಗೆ ಮಾರಬೇಕೆಂದಿರುವ ಇಯರ್‌ಬಡ್‌ಗೆ 5,999 ಅಂತ ಮುದ್ರಿಸಿದರೆ ಮೊದಲ ದಿನದಿಂದಲೇ 70% ಡಿಸ್ಕೌಂಟ್ ಸಿದ್ಧ. ನೋಡಬೇಕಾದ್ದು ಕಳೆದ ಆರು ತಿಂಗಳಲ್ಲಿ ಅದು ಎಷ್ಟಕ್ಕೆ ಮಾರಾಟವಾಗಿದೆ ಅನ್ನೋದು. ಕೀಪಾ, ಬೈಹಟ್ಕೆಯಂಥ ತಾಣಗಳು ಬೆಲೆಯ ಇತಿಹಾಸವನ್ನು ಗ್ರಾಫ್‌ನಲ್ಲಿ ತೋರಿಸುತ್ತವೆ. ಸೇಲ್‌ಗೆ ಎರಡು ವಾರ ಮುಂಚೆ ಬೆಲೆ ಏರಿ, ಸೇಲ್ ದಿನ ಹಳೇ ಜಾಗಕ್ಕೇ ಇಳಿದಿದ್ದರೆ ಅದು ಸೇಲ್ ಅಲ್ಲ.

ಆಮೇಲೆ "ಎಲ್ಲ ಆಫರ್ ಸೇರಿ" ಅನ್ನೋ ದರ. ಅದರಲ್ಲಿ ಹಳೇ ಫೋನಿನ ಗರಿಷ್ಠ ವಿನಿಮಯ ಮೌಲ್ಯ ಸೇರಿರುತ್ತದೆ, ಒಂದು ನಿರ್ದಿಷ್ಟ ಬ್ಯಾಂಕಿನ ಕ್ರೆಡಿಟ್ ಕಾರ್ಡಿನ 10% ಸೇರಿರುತ್ತದೆ. ಇವೆರಡನ್ನೂ ತೆಗೆದು ಹೋಲಿಸಿ. ಈ 10% ಬಗ್ಗೆ ನನಗೆ ಯಾವಾಗಲೂ ಒಂದು ಸಿಟ್ಟಿದೆ. ಸಂಬಳ ಬ್ಯಾಂಕಿಗೆ ಬರುವವನಿಗೆ ಕ್ರೆಡಿಟ್ ಕಾರ್ಡ್ ಸಿಗುತ್ತದೆ. ಟಿಪ್ಪರ್ ಓಡಿಸುವವನಿಗೆ, ಕಬ್ಬು ಕಡಿಯುವವನಿಗೆ ಸಿಗಲ್ಲ. ಒಂದೇ ಫೋನನ್ನು ಉಳ್ಳವನು 18,000ಕ್ಕೆ, ಇಲ್ಲದವನು 20,000ಕ್ಕೆ ಕೊಳ್ಳುತ್ತಾನೆ. ನಮ್ಮ ಲ್ಯಾಪ್‌ಟಾಪ್‌ಗೂ ನನ್ನ ಕಾರ್ಡೇ ಬಳಸಿದ್ದು.

ನೋ-ಕಾಸ್ಟ್ ಇಎಂಐ ಅನ್ನೋದೂ ಹೀಗೇ. ಬಡ್ಡಿಯೇ ಇಲ್ಲದ ಸಾಲ ಅನ್ನೋದು ಇಲ್ಲ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತ್ತು. ಈಗ ಮಾಡೋದೇನೆಂದರೆ ಬಡ್ಡಿಯಷ್ಟು ಮೊತ್ತವನ್ನು ಡಿಸ್ಕೌಂಟ್ ಅಂತ ಮೊದಲೇ ಕಳೆದು, ಆಮೇಲೆ ಬಡ್ಡಿಯಾಗಿ ವಸೂಲಿ ಮಾಡೋದು. 30,000 ರೂಪಾಯಿ ಫೋನು, ಆರು ಕಂತು, ವರ್ಷಕ್ಕೆ 15% ಬಡ್ಡಿ ಅಂತ ಇಟ್ಟುಕೊಳ್ಳಿ. ಕಂತು 5,000. ಅದರೊಳಗೆ ಬಡ್ಡಿ ಸುಮಾರು 1,270. ಆ ಬಡ್ಡಿಯ ಮೇಲೆ 18% ಜಿಎಸ್‌ಟಿ ಸುಮಾರು 230 ನಿಮ್ಮ ಕೈಯಿಂದ. ಪ್ರೊಸೆಸಿಂಗ್ ಫೀ 199 ಇದ್ದರೆ ಅದಕ್ಕೂ ಜಿಎಸ್‌ಟಿ ಸೇರಿ 235. ಅಲ್ಲಿಗೆ ಸುಮಾರು 465 ರೂಪಾಯಿ ಜಾಸ್ತಿ. ದೊಡ್ಡ ಮೊತ್ತ ಅಲ್ಲ, ಅಗತ್ಯವಿದ್ದರೆ ಖಂಡಿತ ತಗೊಳ್ಳಿ. ಬಿಟ್ಟಿ ಅಂದುಕೊಳ್ಳಬೇಡಿ ಅಷ್ಟೇ. ಒಟ್ಟಿಗೆ ದುಡ್ಡು ಕಟ್ಟುವವರಿಗೆ ಬೇರೆ ಡಿಸ್ಕೌಂಟ್ ಇದೆಯಾ ಅಂತಲೂ ನೋಡಿ.

ಜಿಎಸ್‌ಟಿ ಇಳಿದಿದೆ ಅಂತ ಮೊಬೈಲ್ ಅಗ್ಗವಾಗಲು ಕಾದವರು ನನ್ನ ಗೆಳೆಯರಲ್ಲೇ ಇದ್ದಾರೆ. 2025ರ ಸೆಪ್ಟೆಂಬರ್ 22ರಿಂದ 28%ನಿಂದ 18%ಕ್ಕೆ ಇಳಿದದ್ದು ಎಸಿ, 32 ಇಂಚಿಗಿಂತ ದೊಡ್ಡ ಟಿವಿ ಮುಂತಾದವು. ಮೊಬೈಲ್, ಲ್ಯಾಪ್‌ಟಾಪ್ ಮೊದಲೂ 18%, ಈಗಲೂ 18%.

ಇನ್ನು "ಎರಡೇ ಉಳಿದಿದೆ", "ಇನ್ನು 9 ನಿಮಿಷ" ಅನ್ನೋ ಕೆಂಪಕ್ಷರ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 13 ಬಗೆಯ "ಡಾರ್ಕ್ ಪ್ಯಾಟರ್ನ್"ಗಳನ್ನು ಪಟ್ಟಿ ಮಾಡಿ ನಿಷೇಧಿಸಿದೆ. ಸುಳ್ಳು ಅವಸರ ಹುಟ್ಟಿಸೋದು, ಕೇಳದೆ ಬುಟ್ಟಿಗೆ ವಸ್ತು ಸೇರಿಸೋದು, ಕೊನೆಯ ಪುಟದಲ್ಲಿ ಬೆಲೆ ಏರಿಸೋದು ಎಲ್ಲವೂ ಅದರಲ್ಲಿವೆ. ನಿಮಗೆ ಗೊತ್ತಿಲ್ಲದೆ 899 ರೂಪಾಯಿಯ "ಪ್ರೊಟೆಕ್ಷನ್ ಪ್ಲಾನ್" ಬುಟ್ಟಿಯಲ್ಲಿದ್ದರೆ ಅದು ಬರೀ ಕಿರಿಕಿರಿ ಅಲ್ಲ, ದೂರು ಕೊಡಬಹುದಾದ ವಿಷಯ.

ಅಂಕಿಗಳ ಆಟ

ಇಲ್ಲಿ ನನ್ನೊಳಗಿನ ಹಳೇ ಇಂಜಿನಿಯರ್‌ಗೆ ಸ್ವಲ್ಪ ಜಾಗ ಕೊಡಿ.

"ಐ5 ಲ್ಯಾಪ್‌ಟಾಪ್" ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ಯಾವ ತಲೆಮಾರಿನದು ಅನ್ನೋದು ಮುಖ್ಯ, ಹತ್ತು ವರ್ಷ ಹಿಂದಿನದೂ ಐ5 ಆಗಿತ್ತು. ಎಎಂಡಿಯವರದ್ದು ಇನ್ನೂ ತಮಾಷೆ. ರೈಝೆನ್ 5 7520ಯು ಅಂತ ನೋಡಿದರೆ 7000 ಸರಣಿ, ಹೊಸದು ಅನಿಸುತ್ತದೆ. ಆ ಸರಣಿಯಲ್ಲಿ ಮೂರನೇ ಅಂಕಿ ವಿನ್ಯಾಸದ ತಲೆಮಾರನ್ನು ಹೇಳುತ್ತದೆ. ಇಲ್ಲಿ ಅದು 2, ಅಂದರೆ 2019ರಲ್ಲಿ ಬಂದ ಝೆನ್ 2 ವಿನ್ಯಾಸ. ಕಚೇರಿ ಕೆಲಸಕ್ಕೆ ಸಾಕು, ಹೊಸದರ ಬೆಲೆ ಕೊಡಬೇಡಿ. 8 ಜಿಬಿ ರ‍್ಯಾಮ್ ಇದ್ದರೆ ಅದು ಬೋರ್ಡಿಗೇ ಬೆಸೆದಿರುವುದಾ, ಮುಂದೆ ಹೆಚ್ಚಿಸಲು ಸ್ಲಾಟ್ ಇದೆಯಾ ಕೇಳಿ. ಬೆಸೆದಿದ್ದರೆ ನಾಲ್ಕು ವರ್ಷದ ಕೋರ್ಸ್ ಮುಗಿಯುವ ತನಕ ಅಷ್ಟರಲ್ಲೇ ಇರಬೇಕು. ಮೊಬೈಲ್‌ಗಳ "8+8 ಜಿಬಿ"ಯಲ್ಲಿ ಎರಡನೇ 8 ರ‍್ಯಾಮ್ ಅಲ್ಲ, ಸ್ಟೋರೇಜ್‌ನಿಂದ ಕಡ ತಂದದ್ದು, ನಿಧಾನ.

ವಿಂಡೋಸ್ ಇಲ್ಲದ ಲ್ಯಾಪ್‌ಟಾಪ್ ಅಗ್ಗಕ್ಕೆ ಸಿಗುತ್ತದೆ. ಉಬುಂಟು ಹಾಕಿಕೊಳ್ಳಲು ಬರುವವರಿಗೆ ಅದು ನಿಜವಾದ ಒಳ್ಳೆ ಡೀಲ್. ಬರದವರು ಕದ್ದ ವಿಂಡೋಸ್ ಹಾಕಿಸಿ ವೈರಸ್ ಜೊತೆ ಬದುಕಬೇಕಾಗುತ್ತದೆ.

ಪವರ್‌ಬ್ಯಾಂಕ್ 10,000 ಎಂಎಎಚ್ ಅಂದರೆ 5,000ದ ಫೋನು ಎರಡು ಬಾರಿ ತುಂಬಬೇಕಲ್ಲ? ತುಂಬಲ್ಲ. ಆ 10,000 ಒಳಗಿನ ಸೆಲ್‌ನ 3.7 ವೋಲ್ಟ್ ಲೆಕ್ಕದ್ದು, ಅಂದರೆ 37 ವ್ಯಾಟ್-ಅವರ್. 5 ವೋಲ್ಟ್‌ಗೆ ಏರಿಸಿದರೆ ಅದು 7,400, ಪರಿವರ್ತನೆಯ ನಷ್ಟ ಕಳೆದರೆ ಇನ್ನೂ ಕಡಿಮೆ. ಒಂದೂವರೆ ಬಾರಿ ತುಂಬಿದರೆ ಅದು ಒಳ್ಳೆಯ ಪವರ್‌ಬ್ಯಾಂಕ್. ಮೋಸ ಅಲ್ಲ ಇದು. ಮೋಸ ಅಂದರೆ 499 ರೂಪಾಯಿಗೆ 2 ಟಿಬಿ ಪೆನ್‌ಡ್ರೈವ್. ಕಂಪ್ಯೂಟರಿಗೆ 2 ಟಿಬಿ ಅಂತಲೇ ತೋರಿಸುತ್ತದೆ, ಒಳಗೆ ಇರೋದು 16ಓ 32ಓ ಜಿಬಿ. ಅದು ತುಂಬಿದ ಮೇಲೆ ನೀವು ಹಾಕಿದ ಮದುವೆ ಫೋಟೋಗಳು ಎಲ್ಲೂ ಉಳಿಯಲ್ಲ. ಎಚ್2ಟೆಸ್ಟ್‌ಡಬ್ಲ್ಯೂ ಅನ್ನೋ ಪುಟ್ಟ ಉಚಿತ ತಂತ್ರಾಂಶ ಪೂರ್ತಿ ಜಾಗ ಬರೆದು, ಓದಿ ಸತ್ಯ ಹೇಳುತ್ತದೆ.

ಚಾರ್ಜರ್ ಮತ್ತು ಪವರ್‌ಬ್ಯಾಂಕ್ ವಿಷಯದಲ್ಲಿ ಮಾತ್ರ ಅಗ್ಗದ ಆಸೆ ಬೇಡ. ಬೆಂಕಿ ಹತ್ತುವ ವಸ್ತು. ಮೊಬೈಲ್, ಲ್ಯಾಪ್‌ಟಾಪ್, ಅಡಾಪ್ಟರ್, ಪವರ್‌ಬ್ಯಾಂಕ್ ಇವಕ್ಕೆಲ್ಲ ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿ ಬೇಕು. ವಸ್ತುವಿನ ಮೇಲೆ ಇಂಗ್ಲಿಷಿನ ಆರ್ ಅಕ್ಷರ, ಅಡ್ಡಗೀಟು, ಎಂಟು ಅಂಕಿಯ ಸಂಖ್ಯೆ ಇರುತ್ತದೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಯಾವ ಕಂಪನಿಗೆ, ಯಾವ ವಸ್ತುವಿಗೆ ಕೊಟ್ಟದ್ದು ಅಂತ ಬರುತ್ತದೆ. ದೊಡ್ಡ ಆ್ಯಪ್‌ನಲ್ಲಿದ್ದರೆ ಪ್ರಮಾಣಿತವೇ ಇರುತ್ತೆ ಅನ್ನೋ ನಂಬಿಕೆ ಬೇಡ. 2025ರ ಮಾರ್ಚ್‌ನಲ್ಲಿ ಬಿಐಎಸ್ ಅಧಿಕಾರಿಗಳು ತಮಿಳುನಾಡು ಮತ್ತು ದೆಹಲಿಯಲ್ಲಿ ಅಮೆಜಾನ್, ಫ್ಲಿಪ್‌ಕಾರ್ಟ್ ಗೋದಾಮುಗಳಿಗೆ ನುಗ್ಗಿ ಪ್ರಮಾಣೀಕರಣವಿಲ್ಲದ ಸರಕು ಜಪ್ತಿ ಮಾಡಿದ್ದರು.

ಬಾಕ್ಸ್ ಬಂದ ದಿನ

ದುಬಾರಿ ವಸ್ತುಗಳಿಗೆ ಓಪನ್-ಬಾಕ್ಸ್ ಡೆಲಿವರಿ ಇದ್ದರೆ ಅದನ್ನೇ ಆರಿಸಿ. ಬಿಚ್ಚಿ ನೋಡಿದ ಮೇಲಷ್ಟೇ ಒಟಿಪಿ ಕೊಡಿ. ಆ ಸೌಲಭ್ಯ ಇಲ್ಲದಿದ್ದರೆ ವಿಳಾಸದ ಚೀಟಿಯಿಂದ ಶುರು ಮಾಡಿ, ಕತ್ತರಿಸದೆ ಒಂದೇ ವಿಡಿಯೋ ಮಾಡಿ: ಚೀಟಿ, ಸೀಲ್, ಒಳಗಿನ ವಸ್ತು, ಸೀರಿಯಲ್ ನಂಬರ್. ವಿಡಿಯೋ ಇಲ್ಲದಿದ್ದರೆ ದೂರು ತಗೊಳ್ಳಲ್ಲ ಅಂತ ಕಾನೂನಿನಲ್ಲಿ ಎಲ್ಲೂ ಇಲ್ಲ. ಇದ್ದರೆ ವಾದ ಬೇಗ ಮುಗಿಯುತ್ತದೆ.

ಅದೇ ದಿನ, ಊಟಕ್ಕೂ ಮೊದಲು, ತಯಾರಕರ ಜಾಲತಾಣದಲ್ಲಿ ವಾರಂಟಿ ಶುರುವಾದ ದಿನಾಂಕ ನೋಡಿ. ನಾನು ಈ ಎರಡು ನಿಮಿಷದ ಕೆಲಸ ಮಾಡಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ. ಫೋನ್ ಆದರೆ *#06# ಒತ್ತಿ. ಬರುವ ಐಎಂಇಐ ಬಾಕ್ಸ್ ಮತ್ತು ಬಿಲ್ ಮೇಲಿನದಕ್ಕೆ ಹೊಂದಬೇಕು. ಇಂಗ್ಲಿಷಿನಲ್ಲಿ ಕೆ-ವೈ-ಎಂ, ಒಂದು ಖಾಲಿ ಜಾಗ, ಆ 15 ಅಂಕಿ ಟೈಪ್ ಮಾಡಿ 14422ಕ್ಕೆ ಎಸ್‌ಎಂಎಸ್ ಕಳಿಸಿದರೆ ಆ ನಂಬರಿನ ಫೋನ್ ಯಾವುದು, ಬ್ಲಾಕ್ ಆಗಿದೆಯಾ ಅಂತ ಉತ್ತರ ಬರುತ್ತದೆ. ಸೆಕೆಂಡ್‌ಹ್ಯಾಂಡ್ ಕೊಳ್ಳುವವರಂತೂ ಇದನ್ನು ಮಾಡದೆ ದುಡ್ಡು ಕೊಡಲೇಬಾರದು, ಕದ್ದ ಫೋನಾದರೆ ಪೊಲೀಸರು ಹುಡುಕಿಕೊಂಡು ಬರೋದು ನಿಮ್ಮನ್ನೇ. ಹಳೇದನ್ನು ಮಾರುವವರಿಗೂ ಒಂದು ಮಾತು: ದುಡ್ಡು ಪಡೆಯಲು ಯುಪಿಐ ಪಿನ್ ಒತ್ತುವ ಅಗತ್ಯ ಎಂದೂ ಇಲ್ಲ. ಒತ್ತಿ ಕಳಕೊಂಡಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಿ.

ಮಾಲು ಕೆಟ್ಟದ್ದಿದ್ದರೆ ಬಾಗಿಲಲ್ಲಿ ನಿಂತ ಹುಡುಗನ ಮೇಲೆ ರೇಗಬೇಡಿ. ಬಾಕ್ಸ್ ಒಳಗೆ ಏನಿದೆ ಅಂತ ಅವನಿಗೂ ಗೊತ್ತಿರಲ್ಲ. ನೀವು ವಾಪಸ್ ಮಾಡಿದರೆ ಆ ಹೊರೆ ಹೊತ್ತು ಮತ್ತೆ ಡ್ಯಾಂ ಏರು ಇಳಿಯೋದು ಅವನೇ. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತಾ ಕಾಯ್ದೆ ತಂದಿದೆ, ಪ್ಲಾಟ್‌ಫಾರ್ಮ್‌ಗಳಿಂದ 1ರಿಂದ 5% ಕಲ್ಯಾಣ ಶುಲ್ಕ ಪಡೆಯಲು ಅದರಲ್ಲಿ ಅವಕಾಶವಿದೆ. ಅದು ಇನ್ನೊಂದು ಲೇಖನದ ವಿಷಯ.

"ನೋ ರಿಟರ್ನ್" ಅಂದರೆ ಕೊನೆಯ ಮಾತಲ್ಲ

ಏಳು ದಿನದ ಗಡುವು ಕಂಪನಿಯ ನಿಯಮ, ದೇಶದ ಕಾನೂನಲ್ಲ. ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳು, 2020ರ ಪ್ರಕಾರ ವಸ್ತು ದೋಷಪೂರಿತ, ನಕಲಿ, ಅಥವಾ ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದಿದ್ದರೆ ಮಾರಾಟಗಾರ ವಾಪಸ್ ಪಡೆಯಲು ಅಥವಾ ಹಣ ಹಿಂತಿರುಗಿಸಲು ನಿರಾಕರಿಸುವಂತಿಲ್ಲ. ಹೊಸದು ಅಂತ ಹೇಳಿ ಬಳಸಿದ್ದು ಕೊಟ್ಟರೆ ಅದು ಈ ನಿಯಮದ ನೇರ ಉಲ್ಲಂಘನೆ. ಪ್ರತಿ ಪ್ಲಾಟ್‌ಫಾರ್ಮ್‌ಗೂ ಕುಂದುಕೊರತೆ ಅಧಿಕಾರಿ ಇರಬೇಕು, ಅವರ ಹೆಸರು ಮತ್ತು ಸಂಪರ್ಕ ಜಾಲತಾಣದಲ್ಲಿರಬೇಕು. ದೂರು ಬಂತು ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಚಾಟ್‌ಬಾಟ್ ಜೊತೆ ಜಗಳ ಆಡಿ ಸಮಯ ಹಾಳು ಮಾಡದೆ ನೇರ ಇವರಿಗೆ ಇ-ಮೇಲ್ ಬರೆಯಿರಿ.

ನಾನು ಬರೆದೆ. "ಅವಧಿ ಮುಗಿದಿದೆ, ವಿಷಾದಿಸುತ್ತೇವೆ" ಅಂತ ಉತ್ತರ ಬಂತು. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿದೆ. ಇವರಿಗೆ ಆದೇಶ ಕೊಡುವ ಅಧಿಕಾರ ಇಲ್ಲ. ಆದರೆ ದೂರು ಕಂಪನಿಯೊಳಗೆ ಬೇರೆ ಮೇಜಿಗೆ ಹೋಗುತ್ತದೆ. ಜೊತೆಗೆ ಒಂದು ಪುಟದ ನೋಟಿಸ್ ಕಳಿಸಿದೆ. ವಾರಂಟಿ ದಿನಾಂಕದ ಸ್ಕ್ರೀನ್‌ಶಾಟ್, ಮೇಲಿನ ನಿಯಮ, ಮತ್ತು 15 ದಿನದಲ್ಲಿ ಹಣ ಬರದಿದ್ದರೆ ನಮ್ಮ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ ಅನ್ನೋ ಒಂದು ಸಾಲು.

ಆ ಕೊನೆಯ ಸಾಲಿಗೆ ತೂಕ ಬಂದದ್ದು ಕಾನೂನು ಬದಲಾದ್ದರಿಂದ. 1986ರ ಹಳೇ ಕಾಯ್ದೆಯಲ್ಲಿ ಎದುರು ಪಕ್ಷ ಇರುವ ಕಡೆ ಅಥವಾ ವ್ಯವಹಾರದ ಕಾರಣ ಹುಟ್ಟಿದ ಕಡೆ ದೂರು ಕೊಡಬೇಕಿತ್ತು. ದೂರದ ಕಂಪನಿ ಮೊದಲು ಎತ್ತುತ್ತಿದ್ದ ತಕರಾರೇ "ಇದು ಈ ಜಿಲ್ಲೆಯ ವ್ಯಾಪ್ತಿಗೆ ಬರಲ್ಲ" ಅಂತ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ದೂರುದಾರ ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಪ್ಲಿ, ಸಂಡೂರಿನವರಿಗೆ ಬಳ್ಳಾರಿ ಜಿಲ್ಲೆ, ಹೊಸಪೇಟೆ, ಹಂಪಿಯವರಿಗೆ ವಿಜಯನಗರ. ಕಂಪನಿಯ ಕಚೇರಿ ಎಲ್ಲಿದ್ದರೂ ಸರಿ. ಕೊಟ್ಟ ಬೆಲೆ 5 ಲಕ್ಷದ ತನಕ ಶುಲ್ಕ ಇಲ್ಲ. ವಕೀಲರು ಕಡ್ಡಾಯ ಅಲ್ಲ. 2025ರಿಂದ ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ದೂರು ಸಲ್ಲಿಸಬಹುದು, ವಿಡಿಯೋ ಮೂಲಕ ವಿಚಾರಣೆ ಕೇಳಿಕೊಳ್ಳಬಹುದು. ಸಮಸ್ಯೆ ಹುಟ್ಟಿದ ಎರಡು ವರ್ಷದೊಳಗೆ ಸಲ್ಲಿಸಬೇಕು. ಮೂರರಿಂದ ಐದು ತಿಂಗಳಲ್ಲಿ ತೀರ್ಮಾನ ಅಂತ ಕಾಯ್ದೆ ಹೇಳುತ್ತದೆ, ಅದಕ್ಕಿಂತ ಜಾಸ್ತಿ ಸಮಯಕ್ಕೆ ಸಿದ್ಧರಾಗಿರಿ. ದೂರಿನಲ್ಲಿ ಮಾರಾಟಗಾರನ ಜೊತೆ ಪ್ಲಾಟ್‌ಫಾರ್ಮನ್ನೂ ಎದುರುದಾರನಾಗಿ ಸೇರಿಸಿ. ಹಣದ ಜೊತೆ ಬಡ್ಡಿ, ಖರ್ಚು, ಪರಿಹಾರ ಕೇಳಿ.

"ನಾವು ಮಧ್ಯವರ್ತಿ" ಅನ್ನೋ ವಾದ ಎಲ್ಲ ಕಡೆ ನಡೆಯಲ್ಲ ಅನ್ನೋದಕ್ಕೆ ಒಂದು ಉದಾಹರಣೆ ಪ್ರೆಶರ್ ಕುಕ್ಕರ್‌ನದು. ಮಾನಕ ಮುದ್ರೆ ಇಲ್ಲದ 2,265 ಕುಕ್ಕರ್‌ಗಳು ತನ್ನ ವೇದಿಕೆಯಲ್ಲಿ ಮಾರಾಟವಾದದ್ದಕ್ಕೆ 2022ರ ಆಗಸ್ಟ್‌ನಲ್ಲಿ ಗ್ರಾಹಕ ಪ್ರಾಧಿಕಾರ ಅಮೆಜಾನ್‌ಗೆ 1 ಲಕ್ಷ ದಂಡ ಹಾಕಿ, ಕೊಂಡವರಿಗೆ ತಿಳಿಸಿ ಹಣ ವಾಪಸ್ ಮಾಡಲು ಹೇಳಿತು. ಕಂಪನಿ ಅದನ್ನು ದೆಹಲಿ ಹೈಕೋರ್ಟ್‌ನಲ್ಲಿ ಪ್ರಶ್ನಿಸಿತು. 1 ಲಕ್ಷ ಅವರಿಗೆ ಚಹಾ ಖರ್ಚು, ಆದರೂ ಹೊಣೆ ವೇದಿಕೆಯದ್ದೂ ಹೌದು ಅಂತ ಬರೆದಿಟ್ಟ ಆದೇಶ ಅದು.

ನಮ್ಮ ದುಡ್ಡು ದೂರು ಕೊಟ್ಟ 43ನೇ ದಿನ ನನ್ನ ಕಾರ್ಡಿಗೆ ಬಂತು. ಅಷ್ಟರಲ್ಲಿ ಹುಡುಗಿ ಮೊದಲ ಇಂಟರ್ನಲ್ಸ್ ಮುಗಿಸಿದ್ದಳು. ಸಿ ಪ್ರೋಗ್ರಾಂಗಳನ್ನು ಮೊಬೈಲ್‌ನಲ್ಲಿ ಟೈಪ್ ಮಾಡಿ, ಹಾಸ್ಟೆಲ್ ಗೆಳತಿಯ ಲ್ಯಾಪ್‌ಟಾಪ್‌ನಲ್ಲಿ ರಾತ್ರಿ ಹನ್ನೊಂದರ ಮೇಲೆ ಓಡಿಸುತ್ತಿದ್ದಳಂತೆ. ಅದನ್ನು ಅವಳು ಆಗ ಹೇಳಲಿಲ್ಲ, ಎರಡನೇ ಸೆಮಿಸ್ಟರ್‌ನಲ್ಲಿ ಹೇಳಿದಳು. ಸೇಲ್ ಮುಗಿದು ಅದೇ ಮಾಡೆಲ್‌ನ ಬೆಲೆ ಆನ್‌ಲೈನ್‌ನಲ್ಲೂ ಏರಿತ್ತು. ಹೊಸಪೇಟೆಯ ಒಂದು ಅಂಗಡಿಗೆ ಹೋಗಿ ಆನ್‌ಲೈನ್ ಬೆಲೆಯ ಸ್ಕ್ರೀನ್‌ಶಾಟ್ ತೋರಿಸಿ ಚೌಕಾಸಿ ಮಾಡಿದೆ. 44,300ಕ್ಕೆ ಒಪ್ಪಿದರು, ಅಂದರೆ ಮೊದಲಿಗಿಂತ 2,310 ಜಾಸ್ತಿ. ದುಡ್ಡು ಕೊಡುವ ಮೊದಲು ಬಾಕ್ಸ್ ಬಿಚ್ಚಿಸಿ, ಅಂಗಡಿಯ ಕಂಪ್ಯೂಟರ್‌ನಲ್ಲೇ ಸೀರಿಯಲ್ ನಂಬರ್ ಹಾಕಿಸಿದೆ. ವಾರಂಟಿ ಇನ್ನೂ ಶುರುವಾಗಿರಲಿಲ್ಲ. "ಇದನ್ನ ಕೇಳಿದ್ದು ನೀವೊಬ್ರೇ ಸಾರ್" ಅಂದರು ಅಂಗಡಿಯವರು. ಚಿಕ್ಕಪ್ಪ ಬಿಲ್ಲನ್ನು ನಾಲ್ಕು ಮಡಿಕೆ ಮಾಡಿ ಅಂಗಿ ಜೇಬಿಗೆ ಹಾಕಿಕೊಂಡರು. ನಾನು ಅದನ್ನು ಈಚೆಗೆ ತೆಗೆಸಿ, ಮೊದಲು ಫೋಟೋ ತೆಗೆದುಕೊಂಡೆ.